ಹತ್ತು ಜಾಗ

ಮದುವೆಯಲ್ಲಿ ಕಾಲುಂಗುರ ಇಡುವಾಗ ಬಗ್ಗಿ ನೋಡಿದ್ದು,
ಆಮೇಲೆ ಇಪ್ಪತ್ತೊಂಬತ್ತು ವರ್ಷ
ಜೈವಂತಿಯ ಪಾದ ನಾನು ನೋಡಿಲ್ಲ.
ನೋಡುವಂಥದ್ದು ಏನಿತ್ತು?
ಬೇಲೇಕೇರಿಯ ಹೆಂಗಸರ ಕಾಲು ಎಲ್ಲವೂ ಒಂದೇ:
ಉಪ್ಪು, ಹೊಯ್ಗೆ, ಮೀನಿನ ಹುರುಪೆ,
ಬೆಳಗಾದರೆ ಅಂಕೋಲೆಯ ಪೇಟೆಗೆ ಹೊರಟ ಹಿಮ್ಮಡಿ.

ಬೆಳಚು ತೆಗೆಯಲು ಹೋದವಳ ಎಡಗಾಲ ಬೆರಳನ್ನು
ಚಿಪ್ಪೊಂದು ಸೀಳಿತ್ತಂತೆ.
ಅಂತೆ, ಯಾಕೆಂದರೆ ಅವಳಿಗೇ ಗೊತ್ತಿಲ್ಲ.
ಮೂರನೇ ದಿನ ಒರೆಸಿದ ನೆಲದ ಮೇಲೆ
ಸಾಲಾಗಿ ಕೆಂಪು ಬೊಟ್ಟು ಕಂಡು
"ಬೆಕ್ಕು ಮೀನು ಎಳೆದುಕೊಂಡು ಹೋಯ್ತು" ಅಂದಳು.
ನಾನೂ ಬೆಕ್ಕಿಗೇ ಬೈದೆ.

ಸಕ್ಕರೆ ಆರು ವರ್ಷದ ಹಿಂದೆಯೇ ಬಂದಿತ್ತು.
ಬಂದವರು ಕೂತುಕೊಳ್ಳಲಿ ಎಂಬ ಹಾಗೆ ಬಿಟ್ಟಿದ್ದೆವು.
ಗುಳಿಗೆ ಇದ್ದರೆ ನುಂಗುವುದು, ಮುಗಿದರೆ ಮುಂದಿನ ಸಂತೆ.
ಕರಿ ಇಶಾಡಿನ ಕಾಲ ಬಂದರೆ
"ಮಾವು ದೇವರದ್ದು, ಸಕ್ಕರೆ ಅಂಗಡಿಯದ್ದು"
ಎಂದು ಅವಳದೇ ಒಂದು ಶಾಸ್ತ್ರ.

ನಾನು ಬೋಟಿನ ಇಂಜಿನ್ ಡ್ರೈವರ.
ಬೇರಿಂಗ್ ಸವೆದರೆ ನಿದ್ದೆಯಲ್ಲೂ ಕೇಳುತ್ತದೆ ನನಗೆ.
ಬಿಸಿಯಾದರೆ ಕೆಂಪು ದೀಪ, ಎಣ್ಣೆ ಇಳಿದರೆ ಗಂಟೆ.
ಕಾಲಿನೊಳಗೆ ದೀಪದ ವೈರೇ ಕರಗಿಹೋದದ್ದು
ಯಾವ ಕಿವಿಗೆ ಕೇಳಬೇಕಿತ್ತು?

ಕಾರವಾರದ ಆಸ್ಪತ್ರೆ.
ಊದಿದ ಬೆರಳಿನ ಕಾಲುಂಗುರವನ್ನು
ಇಕ್ಕಳದಲ್ಲಿ ಕತ್ತರಿಸಿ ಕ್ರಿಸ್ತೀನಾ ಸಿಸ್ಟರು
ನನ್ನ ಅಂಗೈಗೆ ಹಾಕಿದರು. ಎರಡು ತುಂಡು, ಅಷ್ಟು ಹಗುರ.
ಆಮೇಲೆ ಒಂದು ಕಡ್ಡಿ ತೆಗೆದರು,
ತುದಿಗೆ ಬೆರಳುದ್ದದ ನೈಲಾನು ನೂಲು.
"ಅಯ್ಯೋ, ಇದು ನಮ್ಮ ಬಲೆಯದ್ದು!" ಅಂದೆ.
"ನೀವು ಸುಮ್ಮನಿರಿ. ನೀವು ಕಣ್ಣು ಮುಚ್ಚಿಕೊಳ್ಳಮ್ಮ.
ಮುಟ್ಟಿದ್ದು ತಿಳಿದರೆ ಹೂಂ ಅನ್ನಿ."

ನೂಲು ಬಾಗುವಷ್ಟು ಒತ್ತಿ, ಬಿಟ್ಟು,
ಒಂದು ಪಾದಕ್ಕೆ ಹತ್ತು ಜಾಗ.
ಹೂಂ.
ಆಮೇಲೆ ಫ್ಯಾನಿನ ಸದ್ದು.
ಆಮೇಲೆ ಹೊರಗೆ ಯಾರದೋ ಮಗು ಅತ್ತದ್ದು.
ಹೂಂ.
ಮತ್ತೆ ಫ್ಯಾನು.
ಹೂಂ.
ಬಲಗಾಲಿಗೆ ಹತ್ತರಲ್ಲಿ ಮೂರು.
ಎಡಗಾಲು ಮುಗಿಸಿ ಸಿಸ್ಟರು ಕಡ್ಡಿ ಕೆಳಗಿಟ್ಟಾಗ
ಕಣ್ಣು ಮುಚ್ಚಿಯೇ ಜೈವಂತಿ ಕೇಳಿದಳು:
"ಎಡಗಾಲು ಇನ್ನೂ ಶುರು ಮಾಡಿಲ್ಲವೇ?"

ಬೆರಳು ಉಳಿಯಿತು. ಸುಲಭದಲ್ಲಿ ಅಲ್ಲ:
ಎರಡು ತಿಂಗಳು ಡ್ರೆಸ್ಸಿಂಗು, ಬಸ್ಸು, ಹೊಟ್ಟೆಯ ಮಡಿಕೆಗೆ ಸೂಜಿ.
ಇನ್ಸುಲಿನ್ನಿನ ಸೀಸೆಗೆ ಫ್ರಿಜ್ಜಿಲ್ಲದ ಮನೆಯಲ್ಲಿ
ಮಡಕೆಯೊಳಗೆ ಮಡಕೆ, ನಡುವೆ ಒದ್ದೆ ಹೊಯ್ಗೆ.
ಮೀನಿನ ಐಸಿನಲ್ಲೇ ಹೂತಿಡಲೇ ಎಂದು ಕೇಳಿ ಬೈಸಿಕೊಂಡಿದ್ದೆ:
"ಹೆಪ್ಪುಗಟ್ಟಿದರೆ ಅದು ಬರೀ ನೀರು ಮಾರಾಯರೆ."
ಗಂಜಿ ಒಂದು ಬಟ್ಟಲಿಗೆ ಇಳಿಯಿತು, ತಾರ್ಲೆಯ ಸಾರು ಏರಿತು.
ಇಶಾಡಿನಲ್ಲಿ ಅವಳಿಗೆ ಒಂದು ಹೋಳು;
ಗೊರಟೆ ಚೀಪುವುದು ನನ್ನ ಪಾಲು,
ಚೀಪುವಾಗ ಅವಳು ನೋಡುವ ನೋಟವೂ ನನ್ನ ಪಾಲು.
ಒಮ್ಮೆ ಸೂಜಿ ಹಾಕಿಕೊಂಡು ಪೇಟೆಗೆ ಹೋಗಿ
ಚೌಕಾಶಿಯಲ್ಲಿ ಉಣ್ಣುವುದು ಮರೆತು, ಬೆವರಿ, ನಡುಗಿ,
ಪಕ್ಕದ ಬುಟ್ಟಿಯ ಸೋಮಿ ಬಾಯಿಗೆ ಬೆಲ್ಲ ತುರುಕಿದಳು.
ವೈರಿಯೇ ಮದ್ದಾಗುವ ಕಾಯಿಲೆ, ಏನೆನ್ನಲಿ.

ಈಗ ಬೋಟಿಲ್ಲದ ರಾತ್ರಿ
ಅವಳು ಗೋಡೆಗೆ ಒರಗಿ ಕಾಲು ಚಾಚುತ್ತಾಳೆ.
ಗಂಡನ ತೊಡೆಯ ಮೇಲೆ ಕಾಲಿಟ್ಟರೆ ಪಾಪ ಎಂದಿದ್ದಳು;
ಆ ಪಾಪ ಮೊದಲ ತಿಂಗಳಿಗೇ ಸವೆಯಿತು.
ಇಂಜಿನ್ ರೂಮಿನ ಟಾರ್ಚು, ಗಡ್ಡ ಹೆರೆಯುವ ಕನ್ನಡಿ,
ಬೆರಳ ಸಂದು, ಹಿಮ್ಮಡಿಯ ಬಿರುಕು, ಅಂಗಾಲಿನ ಕಮಾನು.
ಕಿರುಬೆರಳ ಕೆಳಗೆ ಎಳ್ಳಿನಷ್ಟು ಕಪ್ಪು.
ಇದು ಯಾವಾಗಿನಿಂದ ಎಂದೆ, ಹೆದರಿ.
"ಹುಟ್ಟಿದಾಗಿನಿಂದ" ಅಂದಳು.

ಕೊನೆಗೆ ಹರಿದ ಬಲೆಯ ಒಂದು ಎಳೆ.
ಇದು ಸಿಸ್ಟರು ಹೇಳಿದ್ದಲ್ಲ, ನಮ್ಮದೇ ಹುಚ್ಚು.
ಕಣ್ಣು ಮುಚ್ಚು ಅನ್ನುತ್ತೇನೆ, ಮುಚ್ಚುತ್ತಾಳೆ.
ನೂಲು ಇನ್ನೂ ಗಾಳಿಯಲ್ಲೇ ಇರುತ್ತದೆ,
ಹೂಂ ಅನ್ನುತ್ತಾಳೆ.